ಶಿಷ್ಯತ್ವದ ಬೆಲೆ: ಸಭೆಯ ಪುಸ್ತಕದಲ್ಲಿ ಒಂದು ಗುರುತು, ತಹಶೀಲ್ದಾರರ ಕಾಗದದಲ್ಲಿ ಇನ್ನೊಂದು

ಬಸವಕಲ್ಯಾಣ/ಹುಮನಾಬಾದ್: ಪುಣೆ–ಹೈದರಾಬಾದ್ ಹೆದ್ದಾರಿಯ ಆಸುಪಾಸಿನಲ್ಲಿ, ಒಂದರಿಂದ ಒಂದು ಸುಮಾರು 30 ಕಿ.ಮೀ. ದೂರದಲ್ಲಿರುವ ಈ ಎರಡು ತಾಲ್ಲೂಕು ಕೇಂದ್ರಗಳಿಗೆ ಧರ್ಮದ ಚರ್ಚೆ ಹೊಸದಲ್ಲ. 12ನೇ ಶತಮಾನದಲ್ಲಿ ಬಸವಣ್ಣ ಮತ್ತು ಶರಣರು ಜಾತಿಯನ್ನು ಪ್ರಶ್ನಿಸಿದ್ದು ಕಲ್ಯಾಣದಲ್ಲಿ. 19ನೇ ಶತಮಾನದಲ್ಲಿ ಮಾಣಿಕಪ್ರಭುಗಳ ಸಕಲಮತ ಸಂಪ್ರದಾಯ ನೆಲೆಗೊಂಡಿದ್ದು ಹುಮನಾಬಾದ್ ಪಕ್ಕದ ಮಾಣಿಕನಗರದಲ್ಲಿ. ಇದೇ ನೆಲದಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಕ್ರೈಸ್ತ ಸಭೆಗಳೂ ಬಾಳಿಕೊಂಡು ಬಂದಿವೆ. ಅವುಗಳ ಬಗ್ಗೆ ಜಿಲ್ಲೆಯ ಹೊರಗೆ ತಿಳಿದಿರುವುದು ಕಡಿಮೆ.

ಕ್ರೈಸ್ತರೆಂದರೆ ಮಂಗಳೂರು, ಕಾರವಾರ, ಬೆಂಗಳೂರು ಎಂದು ಭಾವಿಸುವ ನಗರದ ಓದುಗರಿಗೆ ಬೀದರ್ ಜಿಲ್ಲೆಯ ಹಳ್ಳಿಗಳಲ್ಲಿ ಕಾಣುವ ಸಣ್ಣ ಪ್ರಾರ್ಥನಾ ಮಂದಿರಗಳು ಅಚ್ಚರಿ ತರಬಹುದು. ಇಲ್ಲಿನ ಸಭಿಕರಲ್ಲಿ ಹೆಚ್ಚಿನವರು ದಲಿತ ಸಮುದಾಯಗಳಿಂದ ಬಂದವರು. ಕರಾವಳಿಯಲ್ಲಿ ಕ್ರೈಸ್ತತನ ಬಹುಮಟ್ಟಿಗೆ ಹುಟ್ಟಿನಿಂದ ಬರುವ ಗುರುತು. ಇಲ್ಲಿ ಅದು ಇಂದಿಗೂ ಒಂದು ತೀರ್ಮಾನ. ಆ ತೀರ್ಮಾನಕ್ಕೆ ಮನೆಯಲ್ಲಿ, ಬೀದಿಯಲ್ಲಿ ಮತ್ತು ಸರ್ಕಾರಿ ಕಚೇರಿಯಲ್ಲಿ ಬೇರೆ ಬೇರೆ ಬೆಲೆ ಇದೆ. ಕ್ರಿಸ್ತನ ಶಿಷ್ಯತ್ವ ಒಬ್ಬ ವ್ಯಕ್ತಿಯಿಂದ ನಿಜವಾಗಿ ಏನನ್ನು ಕೇಳುತ್ತದೆ, ಅದನ್ನು ಸಲ್ಲಿಸಿದವನು ಏನನ್ನು ಕಳೆದುಕೊಳ್ಳುತ್ತಾನೆ, ಏನನ್ನು ಪಡೆಯುತ್ತಾನೆ ಎಂಬ ವಿವರ ಇಲ್ಲಿದೆ.

ಶಿಷ್ಯ ಎಂದರೆ ಯಾರು?

ಹೊಸ ಒಡಂಬಡಿಕೆಯ ಮೂಲ ಗ್ರೀಕ್ ಭಾಷೆಯಲ್ಲಿ ಶಿಷ್ಯನಿಗೆ ಬಳಸಿರುವ ಪದ ‘ಮಥೇತೇಸ್’. ಕಲಿಯುವವನು ಎಂಬುದು ಅದರ ಅರ್ಥ. ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಕನ್ನಡ ಬೈಬಲ್ಲಿನಲ್ಲಿ ಈ ಪದಕ್ಕೆ ನಿಂತದ್ದು ‘ಶಿಷ್ಯ’. ಗುರುಮಠಗಳ ನಾಡಿನಲ್ಲಿ ಆ ಪದಕ್ಕೆ ಆಗಲೇ ತೂಕವಿತ್ತು. ಗುರುವಿನ ಮಾತನ್ನು ಕೇಳುವುದಷ್ಟೇ ಅಲ್ಲದೆ ಗುರುವಿನ ನಡೆಯನ್ನು ತನ್ನದಾಗಿಸಿಕೊಳ್ಳುವವನು ಶಿಷ್ಯ ಎಂಬ ತಿಳಿವಳಿಕೆ ಓದುಬರಹ ಬಾರದವರಿಗೂ ಇತ್ತು.

ಸುವಾರ್ತೆಗಳಲ್ಲಿ ಯೇಸುವಿನ ಕರೆ ಬಹಳ ಚಿಕ್ಕದು. ಗಲಿಲಾಯದ ಬೆಸ್ತರು ಬಲೆ ಬಿಟ್ಟು ಹಿಂಬಾಲಿಸುತ್ತಾರೆ. ಸುಂಕದ ಕಟ್ಟೆಯಲ್ಲಿ ಕುಳಿತವನು ಎದ್ದು ಬರುತ್ತಾನೆ. ಆಜ್ಞೆಗಳನ್ನೆಲ್ಲ ಪಾಲಿಸಿದ ಸಿರಿವಂತನೊಬ್ಬ ಮಾತ್ರ, ಇರುವುದನ್ನು ಮಾರಿ ಬಡವರಿಗೆ ಕೊಡು ಎಂಬ ಮಾತು ಕೇಳಿ ದುಃಖದಿಂದ ಹಿಂದಿರುಗುತ್ತಾನೆ. ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಇನ್ನೂ ಲೋಕಾನುಭವದ ಒಂದು ಹೋಲಿಕೆ ಬರುತ್ತದೆ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕು. ಅಸ್ತಿವಾರ ಹಾಕಿ ಕೈಬಿಟ್ಟರೆ ಊರವರು ನಗುತ್ತಾರೆ. ಹಿಂಬಾಲಿಸಬೇಕೆನ್ನುವವರಿಗೆ ಯೇಸು ನೀಡುವ ಎಚ್ಚರಿಕೆ ಇದು: ಆವೇಶದಲ್ಲಿ ಬರಬೇಡಿ, ಲೆಕ್ಕ ಹಾಕಿ ಬನ್ನಿ.

20ನೇ ಶತಮಾನದಲ್ಲಿ ಈ ವಿಷಯವನ್ನು ಬಹಳ ನಿಷ್ಠುರವಾಗಿ ಮಂಡಿಸಿದವನು ಜರ್ಮನಿಯ ದೇವಶಾಸ್ತ್ರಜ್ಞ ಡೀಟ್ರಿಚ್ ಬಾನ್‌ಹಾಫರ್. 1937ರಲ್ಲಿ ಪ್ರಕಟವಾದ ಶಿಷ್ಯತ್ವ ಕುರಿತ ತನ್ನ ಗ್ರಂಥದಲ್ಲಿ ಆತ ಅಗ್ಗದ ಕೃಪೆ ಮತ್ತು ಬೆಲೆಯುಳ್ಳ ಕೃಪೆ ಎಂಬ ವ್ಯತ್ಯಾಸ ಮಾಡಿದ. ಬದುಕು ಬದಲಾಗದೆ ಕ್ಷಮೆಯನ್ನು ಮಾತ್ರ ಬಯಸುವುದು ಮೊದಲನೆಯದು. ಬದುಕನ್ನೇ ಪಣಕ್ಕಿಟ್ಟು ಪಡೆಯುವುದು ಎರಡನೆಯದು. ಹಿಟ್ಲರ್ ಆಡಳಿತವನ್ನು ವಿರೋಧಿಸಿದ ಆತನನ್ನು 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬರ್ಗ್ ಸೆರೆಶಿಬಿರದಲ್ಲಿ ಗಲ್ಲಿಗೇರಿಸಲಾಯಿತು.

ಬೀದರ್ ಸೀಮೆಗೆ ಬಂದ ಮೆಥೋಡಿಸ್ಟರು

ಬೀದರ್ ಜಿಲ್ಲೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆದುದರಿಂದ ಇಲ್ಲಿನ ಚರ್ಚಿನ ಇತಿಹಾಸ ಹಳೆಯ ಮೈಸೂರು ಅಥವಾ ಕರಾವಳಿಯೊಂದಿಗೆ ಸೇರುವುದಿಲ್ಲ; ಅದು ಹೈದರಾಬಾದ್ ಮತ್ತು ವಿಕಾರಾಬಾದ್ ಕಡೆಯದು. ಅಮೆರಿಕದ ಮೆಥೋಡಿಸ್ಟ್ ಮಿಷನ್ 1856ರಲ್ಲಿ ಉತ್ತರ ಭಾರತದಲ್ಲಿ ಕೆಲಸ ಆರಂಭಿಸಿ, 1870ರ ದಶಕದಲ್ಲಿ ದಕ್ಷಿಣದ ನಗರಗಳಿಗೆ ಹರಡಿ, ಶತಮಾನದ ಕೊನೆಯ ದಶಕಗಳಲ್ಲಿ ನಿಜಾಮ್ ರಾಜ್ಯದ ಈ ಭಾಗವನ್ನು ತಲುಪಿತು. ಶಾಲೆ, ಆಸ್ಪತ್ರೆ ಮತ್ತು ಹಳ್ಳಿ ಪ್ರಸಂಗ ಅದರ ಮೂರು ದಾರಿಗಳಾಗಿದ್ದವು. 1947ರಲ್ಲಿ ದಕ್ಷಿಣ ಭಾರತ ಸಭೆ, 1970ರಲ್ಲಿ ಉತ್ತರ ಭಾರತ ಸಭೆ ರಚನೆಯಾದಾಗಲೂ ಅಮೆರಿಕ ಮೂಲದ ಈ ಮೆಥೋಡಿಸ್ಟರು ಎರಡರಿಂದಲೂ ಹೊರಗುಳಿದರು. 1981ರಲ್ಲಿ ಭಾರತದ ಮೆಥೋಡಿಸ್ಟ್ ಸಭೆ ಸ್ವಾಯತ್ತ ಸಂಸ್ಥೆಯಾಯಿತು. ಕಥೋಲಿಕರು ಈ ಭಾಗದಲ್ಲಿ ಸಂಖ್ಯೆಯಲ್ಲಿ ಕಡಿಮೆ. ಬೀದರ್ ಜಿಲ್ಲೆ 2005ರಲ್ಲಿ ರಚನೆಯಾದ ಗುಲಬರ್ಗಾ ಧರ್ಮಪ್ರಾಂತ್ಯಕ್ಕೆ ಸೇರಿದೆ. ಇತ್ತೀಚಿನ ದಶಕಗಳಲ್ಲಿ ಪೆಂಟೆಕೊಸ್ಟಲ್ ಮತ್ತು ಸ್ವತಂತ್ರ ಸಭೆಗಳೂ ಬೆಳೆದಿವೆ.

ರಾಜ್ಯದ ಗಡಿ ಬದಲಾದರೂ ಹಳೆಯ ನಂಟು ಉಳಿದಿದೆ. ತೆಲಂಗಾಣದ ವಿಕಾರಾಬಾದ್ ಬಳಿಯ ಧಾರೂರಿನಲ್ಲಿ ಪ್ರತಿವರ್ಷ ನವೆಂಬರ್‌ನಲ್ಲಿ ನಡೆಯುವ ಮೆಥೋಡಿಸ್ಟ್ ಕ್ರೈಸ್ತ ಜಾತ್ರೆಗೆ ಈ ಕಡೆಯಿಂದಲೂ ಕುಟುಂಬಗಳು ಹೋಗುತ್ತವೆ. ಬಯಲಿನಲ್ಲಿ ಬಿಡಾರ ಹೂಡಿ, ಅಡುಗೆ ಮಾಡಿಕೊಂಡು, ದಿನಗಟ್ಟಲೆ ಪ್ರಾರ್ಥನೆ ಮತ್ತು ಪ್ರಸಂಗಗಳಲ್ಲಿ ಕಳೆಯುವ ಈ ಕೂಟ ಈ ನೆಲದ ಜಾತ್ರೆಯ ರೂಪವನ್ನೇ ತಳೆದಿದೆ.

ಒಬ್ಬನ ತೀರ್ಮಾನವೇ, ಕೇರಿಯ ತೀರ್ಮಾನವೇ?

ಇಲ್ಲಿ ಒಂದು ಕಷ್ಟದ ಪ್ರಶ್ನೆ ಏಳುತ್ತದೆ. ಶಿಷ್ಯತ್ವ ವೈಯಕ್ತಿಕ ಬದ್ಧತೆ ಎನ್ನಲಾಗುತ್ತದೆ. ಆದರೆ ನಿಜಾಮ್ ರಾಜ್ಯದ ಹಳ್ಳಿಗಳಲ್ಲಿ ಜನ ಚರ್ಚಿಗೆ ಬಂದಿದ್ದು ಒಬ್ಬೊಬ್ಬರಾಗಿ ಅಲ್ಲ; ಮನೆತನಗಳಾಗಿ, ಕೆಲವೊಮ್ಮೆ ಇಡೀ ಕೇರಿಗಳಾಗಿ. ಬರಗಾಲ, ಜೀತ, ಅಸ್ಪೃಶ್ಯತೆ, ಮಕ್ಕಳಿಗೆ ಅಕ್ಷರ ಸಿಗಲಿ ಎಂಬ ಆಸೆ ಎಲ್ಲವೂ ಆ ತೀರ್ಮಾನದಲ್ಲಿ ಬೆರೆತಿದ್ದವು. ಹಾಗಾದರೆ ಅದು ನಂಬಿಕೆಯೇ, ಅನುಕೂಲವೇ?

ಈ ಪ್ರಶ್ನೆಯನ್ನು ಚರ್ಚಿನವರೇ ಕೇಳಿಕೊಂಡರು. ಮುಂದೆ ಮೆಥೋಡಿಸ್ಟ್ ಬಿಷಪ್ ಆದ ಜೆ. ವಾಸ್ಕಂ ಪಿಕೆಟ್ ಭಾರತದ ಸಾಮೂಹಿಕ ಮತಾಂತರಗಳ ಬಗ್ಗೆ ಹಲವು ಪ್ರದೇಶಗಳಲ್ಲಿ ಕ್ಷೇತ್ರ ಅಧ್ಯಯನ ನಡೆಸಿ 1933ರಲ್ಲಿ ಗ್ರಂಥ ಪ್ರಕಟಿಸಿದರು. ಏಕೆ ಬಂದಿರಿ ಎಂದು ಸಭಿಕರನ್ನೇ ಕೇಳಿ, ಅವರ ನಂತರದ ಬದುಕನ್ನು ಪರಿಶೀಲಿಸಿದ ಆ ಅಧ್ಯಯನ ಕಂಡುಕೊಂಡ ಒಂದು ಮುಖ್ಯ ಸಂಗತಿ ಇದು: ಯಾವ ಕಾರಣಕ್ಕೆ ಬಂದರು ಎಂಬುದಕ್ಕಿಂತ, ದೀಕ್ಷಾಸ್ನಾನದ ನಂತರ ಅವರಿಗೆ ದೊರೆತ ತರಬೇತಿ ಮತ್ತು ಆರೈಕೆ ಅವರು ಎಂಥ ಕ್ರೈಸ್ತರಾದರು ಎಂಬುದನ್ನು ಹೆಚ್ಚು ನಿರ್ಧರಿಸಿತು. ಬದ್ಧತೆ ಬಾಗಿಲಲ್ಲಿ ಮುಗಿಯುವುದಿಲ್ಲ, ಬಾಗಿಲು ದಾಟಿದ ಮೇಲೆ ಆರಂಭವಾಗುತ್ತದೆ ಎಂಬುದು ಇದರ ಸಾರಾಂಶ. ಅಜ್ಜ ಕೇರಿಯೊಂದಿಗೆ ಬಂದಿರಬಹುದು. ಮೊಮ್ಮಗ ತನ್ನ ತೀರ್ಮಾನವನ್ನು ತಾನೇ ಮಾಡಬೇಕಾಗುತ್ತದೆ.

ವಾರದ ಲೆಕ್ಕ, ವರ್ಷದ ಒಡಂಬಡಿಕೆ

ಆ ನಂತರದ ಬದುಕಿಗೆ ಮೆಥೋಡಿಸ್ಟ್ ಪರಂಪರೆಯಲ್ಲಿ ಒಂದು ಸ್ಪಷ್ಟ ಕ್ರಮವಿದೆ. ಮೆಥೋಡಿಸ್ಟ್ ಎಂಬ ಹೆಸರೇ ಕ್ರಮಬದ್ಧತೆಯನ್ನು ಗೇಲಿ ಮಾಡಲು ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ಇಟ್ಟ ಅಡ್ಡಹೆಸರು. ಸ್ಥಾಪಕ ಜಾನ್ ವೆಸ್ಲಿ (1703–1791) ಕಾಲದಲ್ಲಿ, 1742ರಲ್ಲಿ ಬ್ರಿಸ್ಟಲ್ ನಗರದಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಸದಸ್ಯರನ್ನು ಸುಮಾರು 12 ಜನರ ಗುಂಪುಗಳಾಗಿ ವಿಂಗಡಿಸಲಾಯಿತು. ಗುಂಪಿನ ಮುಖಂಡ ವಾರಕ್ಕೊಮ್ಮೆ ಪ್ರತಿಯೊಬ್ಬರಿಂದ ಒಂದು ಪೆನ್ನಿ ಸಂಗ್ರಹಿಸಬೇಕಿತ್ತು. ಹಣ ಕೇಳಲು ಹೋದವನು ಮನೆಯ ಜಗಳ, ಕುಡಿತ, ಕಾಯಿಲೆ ಎಲ್ಲವನ್ನೂ ಕಂಡ. ಹೀಗೆ ವಸೂಲಿಗಾಗಿ ಹುಟ್ಟಿದ ಗುಂಪು ಪರಸ್ಪರ ಬದುಕನ್ನು ವಿಚಾರಿಸಿಕೊಳ್ಳುವ ‘ವರ್ಗಕೂಟ’ವಾಯಿತು. 1743ರಲ್ಲಿ ವೆಸ್ಲಿ ಮೂರು ಸಾಮಾನ್ಯ ನಿಯಮಗಳನ್ನು ಪ್ರಕಟಿಸಿದ: ಕೇಡು ಮಾಡದಿರುವುದು, ಆದಷ್ಟು ಒಳಿತು ಮಾಡುವುದು, ಪ್ರಾರ್ಥನೆ, ಪ್ರಭುಭೋಜನ, ವೇದಪಾಠ, ಉಪವಾಸಗಳನ್ನು ಬಿಡದಿರುವುದು. ಕೇಡಿನ ಪಟ್ಟಿಯಲ್ಲಿ ಮದ್ಯದ ವ್ಯಾಪಾರ, ಅತಿಬಡ್ಡಿ, ಸುಂಕ ಕಟ್ಟದ ಸರಕಿನ ಮಾರಾಟವೂ ಇದ್ದವು.

ಹಣದ ವಿಷಯದಲ್ಲೂ ವೆಸ್ಲಿ ನಿಷ್ಠುರನಾಗಿದ್ದ. ನ್ಯಾಯವಾಗಿ ಆದಷ್ಟು ಗಳಿಸು, ಆದಷ್ಟು ಉಳಿಸು, ಆದಷ್ಟು ಕೊಡು ಎಂಬುದು ಆತನ ಪ್ರಸಿದ್ಧ ಪ್ರಸಂಗದ ತಿರುಳು. ಮೊದಲ ಎರಡನ್ನು ಪಾಲಿಸಿ ಮೂರನೆಯದನ್ನು ಮರೆಯುವುದು ಸುಲಭ. 1755ರಲ್ಲಿ ಆರಂಭವಾದ ‘ಒಡಂಬಡಿಕೆಯ ಆರಾಧನೆ’ ಹೊಸವರ್ಷದ ಆಸುಪಾಸಿನಲ್ಲಿ ಮೆಥೋಡಿಸ್ಟರು ತಮ್ಮ ಪ್ರತಿಜ್ಞೆಯನ್ನು ನವೀಕರಿಸುವ ವಿಧಿಯಾಗಿ ಉಳಿದುಬಂದಿದೆ. ಒಮ್ಮೆ ಕೊಟ್ಟ ಮಾತು ಹಳತಾಗುತ್ತದೆ, ಅದನ್ನು ವರ್ಷಕ್ಕೊಮ್ಮೆ ಮತ್ತೆ ಕೊಡಬೇಕು ಎಂಬ ಎಚ್ಚರ ಅದರ ಹಿಂದಿದೆ.

ಈ ಕ್ರಮವನ್ನು ಹುಮನಾಬಾದ್ ಅಥವಾ ಬಸವಕಲ್ಯಾಣದ ಒಂದು ಕೂಲಿ ಕುಟುಂಬಕ್ಕೆ ಅನ್ವಯಿಸಿ ನೋಡಿದರೆ ಅದರ ಭಾರ ತಿಳಿಯುತ್ತದೆ. ಭಾನುವಾರದ ಆರಾಧನೆಗೆ ಹೋದರೆ ದಿನದ ಕೂಲಿ ಹೋಗುತ್ತದೆ. ಹತ್ತರಲ್ಲಿ ಒಂದು ಪಾಲನ್ನು ದೇವರಿಗೆ ಮೀಸಲಿಡುವ ದಶಮಾಂಶ, ಕಡಿಮೆ ಗಳಿಸುವವನಿಗೇ ಹೆಚ್ಚು ತಟ್ಟುತ್ತದೆ. ಕುಡಿತ ಬಿಡುವುದೆಂದರೆ ಸಂಜೆಯ ಗೆಳೆಯರನ್ನೂ ಬಿಟ್ಟಂತೆ. ಆದರೆ ಇದೇ ಶಿಸ್ತು ಮನೆಯಲ್ಲಿ ಹಣ ಉಳಿಸುತ್ತದೆ, ಮಕ್ಕಳನ್ನು ಶಾಲೆಯಲ್ಲಿ ಉಳಿಸುತ್ತದೆ. ಕೆಲಸಕ್ಕಾಗಿ ಹೈದರಾಬಾದ್, ಪುಣೆ, ಮುಂಬೈಗೆ ಗುಳೆ ಹೋದ ಯುವಕನಿಗೆ ಅಲ್ಲಿನ ಸಭೆ ಎರಡನೆಯ ಊರಾಗುತ್ತದೆ.

ಮನೆಯೊಳಗಿನ ಪರೀಕ್ಷೆ

ಹಣಕ್ಕಿಂತ ಕಠಿಣವಾದುದು ಸಂಬಂಧ. ಒಂದೇ ಕುಟುಂಬದಲ್ಲಿ ಅಣ್ಣ ದೀಕ್ಷಾಸ್ನಾನ ಪಡೆದು, ತಮ್ಮ ಊರದೇವರಿಗೆ ನಡೆದುಕೊಳ್ಳುವ ಸಂದರ್ಭದಲ್ಲಿ ಪ್ರತಿ ಹಬ್ಬವೂ ಒಂದು ಪ್ರಶ್ನೆ. ಜಾತ್ರೆಯ ಪಟ್ಟಿ ಕೊಡಬೇಕೇ? ನೈವೇದ್ಯದ ಊಟ ಉಣ್ಣಬಹುದೇ? ತಂದೆಯ ಅಂತ್ಯಕ್ರಿಯೆಯಲ್ಲಿ ಹಿರಿಯ ಮಗ ವಿಧಿ ನಡೆಸದಿದ್ದರೆ ಏನಾಗುತ್ತದೆ? ವಿಗ್ರಹಗಳಿಗೆ ಅರ್ಪಿಸಿದ ಆಹಾರದ ಪ್ರಶ್ನೆಗೆ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದಲ್ಲೇ ಉತ್ತರಿಸಬೇಕಾಯಿತು. ತಿಳಿವಳಿಕೆಗಿಂತ ಪ್ರೀತಿ ಮುಖ್ಯ, ದುರ್ಬಲನ ಮನಸ್ಸಿಗೆ ಎಡವಾಗಬೇಡಿ ಎಂಬ ದಿಕ್ಕಿನಲ್ಲಿ ಆತನ ಉತ್ತರ ಸಾಗುತ್ತದೆ. ಇದನ್ನು ಒಂದು ಸಭೆ ಕಟ್ಟುನಿಟ್ಟಾಗಿ, ಇನ್ನೊಂದು ಉದಾರವಾಗಿ ಅರ್ಥೈಸುತ್ತದೆ.

ಕಾನೂನು ಕೂಡ ಮನೆಯೊಳಗೆ ಬರುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಸಂಗಾತಿಯ ಮತಾಂತರ ವಿಚ್ಛೇದನಕ್ಕೆ ಒಂದು ಆಧಾರ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಮಿನಂತೆ, ಮತಾಂತರಗೊಂಡವನ ಹಕ್ಕು ಅಷ್ಟರಿಂದಲೇ ಹೋಗುವುದಿಲ್ಲ. ಆದರೆ ಮತಾಂತರದ ನಂತರ ಹುಟ್ಟಿದ ಮಕ್ಕಳು, ಉತ್ತರಾಧಿಕಾರ ತೆರೆಯುವ ಸಮಯದಲ್ಲಿ ಹಿಂದೂಗಳಾಗಿರದಿದ್ದರೆ, ಹಿಂದೂ ಬಂಧುಗಳ ಆಸ್ತಿಗೆ ವಾರಸುದಾರರಾಗುವುದಿಲ್ಲ. ತಂದೆಯ ಬದ್ಧತೆಯ ಬೆಲೆಯನ್ನು ಹೀಗೆ ಮಕ್ಕಳೂ ತೆರುತ್ತಾರೆ.

ಜಾತಿ ಪ್ರಮಾಣಪತ್ರದ ಪ್ರಶ್ನೆ

ಈ ಭಾಗದ ಕ್ರೈಸ್ತರ ಮಟ್ಟಿಗೆ ಶಿಷ್ಯತ್ವದ ಅತ್ಯಂತ ದುಬಾರಿ ಕಾಗದ ಜಾತಿ ಪ್ರಮಾಣಪತ್ರ. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ 3ನೇ ಕಂಡಿಕೆ ಪರಿಶಿಷ್ಟ ಜಾತಿಯ ಸ್ಥಾನವನ್ನು ಮೊದಲಿಗೆ ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ಕ್ರೈಸ್ತರು ಮತ್ತು ಮುಸ್ಲಿಮರು ಹೊರಗುಳಿದರು. ಹೀಗಾಗಿ ಒಂದೇ ಕೇರಿಯ ಇಬ್ಬರು ಸೋದರರಲ್ಲಿ ಅಂಬೇಡ್ಕರ್ ಹಾದಿ ಹಿಡಿದು ಬೌದ್ಧನಾದವನು ಪರಿಶಿಷ್ಟ ಜಾತಿಯವನಾಗಿ ಉಳಿಯುತ್ತಾನೆ, ಕ್ರೈಸ್ತನಾದವನು ಉಳಿಯುವುದಿಲ್ಲ. ಕರ್ನಾಟಕದಲ್ಲಿ ಕ್ರೈಸ್ತರಾದ ಪರಿಶಿಷ್ಟ ಜಾತಿಯವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಸೇರಿಸಲಾಗಿದೆ. ಆ ಪ್ರವರ್ಗದ ಮೀಸಲಾತಿ ಶೇ 4. ಆದರೆ ಔರಾದ್‌ನಂಥ ಮೀಸಲು ಕ್ಷೇತ್ರದಲ್ಲಿ ಸ್ಪರ್ಧಿಸುವ ಅರ್ಹತೆ, ಪರಿಶಿಷ್ಟರ ವಿದ್ಯಾರ್ಥಿವೇತನ ಮತ್ತು ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಅದರೊಂದಿಗೆ ಬರುವುದಿಲ್ಲ.

ಪರಿಣಾಮವಾಗಿ, ಭಾನುವಾರ ಸಭೆಯಲ್ಲಿ ಕ್ರೈಸ್ತನಾಗಿ, ದಾಖಲೆಯಲ್ಲಿ ಹಿಂದೂ ಪರಿಶಿಷ್ಟ ಜಾತಿಯವನಾಗಿ ಬದುಕುವ ಸ್ಥಿತಿ ದೇಶದ ಹಲವೆಡೆ ಇದೆ. ಇದರ ಬಗ್ಗೆ ಸುಪ್ರೀಂ ಕೋರ್ಟ್ 2024ರ ನವೆಂಬರ್ 26ರಂದು ತೀರ್ಪು ನೀಡಿತು. ದೀಕ್ಷಾಸ್ನಾನ ಪಡೆದು ಚರ್ಚಿಗೆ ಹೋಗುತ್ತಿದ್ದ ಪುದುಚೇರಿಯ ಮಹಿಳೆಯೊಬ್ಬರು ಸರ್ಕಾರಿ ಹುದ್ದೆಗಾಗಿ ಹಿಂದೂ ಪರಿಶಿಷ್ಟ ಜಾತಿ ಪ್ರಮಾಣಪತ್ರ ಕೋರಿದ್ದರು. ನಿಜವಾದ ನಂಬಿಕೆಯಿಲ್ಲದೆ ಮೀಸಲಾತಿಯ ಲಾಭಕ್ಕಷ್ಟೇ ಧರ್ಮ ಬದಲಿಸುವುದು ಸಂವಿಧಾನಕ್ಕೆ ಎಸಗುವ ವಂಚನೆ ಎಂದು ನ್ಯಾಯಾಲಯ ಅಭಿಪ್ರಾಯಪಟ್ಟು ಮನವಿಯನ್ನು ತಿರಸ್ಕರಿಸಿತು.

ಇನ್ನೊಂದು ವಾದವೂ ಇದೆ. ಮತ ಬದಲಾದರೂ ಊರು ಬದಲಾಗುವುದಿಲ್ಲ. ಕೇರಿ, ಬಾವಿ, ಕೂಲಿ, ಬೈಗುಳ ಅದೇ ಇರುತ್ತವೆ. ಆದುದರಿಂದ ಸ್ಥಾನಮಾನವೂ ಇರಬೇಕು ಎಂಬುದು ದಲಿತ ಕ್ರೈಸ್ತರ ಬೇಡಿಕೆ. ಮತಾಂತರಗೊಂಡ ಚಮ್ಮಾರರೊಬ್ಬರಿಗೆ ಸಂಬಂಧಿಸಿದ 1985ರ ಸೂಸೈ ಪ್ರಕರಣದಲ್ಲಿ, ಮತಾಂತರದ ನಂತರವೂ ಅದೇ ಪ್ರಮಾಣದ ಅನನುಕೂಲ ಮುಂದುವರಿಯುತ್ತದೆ ಎಂಬುದಕ್ಕೆ ಆಧಾರ ಬೇಕೆಂದು ಸುಪ್ರೀಂ ಕೋರ್ಟ್ ಹೇಳಿತ್ತು. ಈ ವಿಷಯದ ಅಧ್ಯಯನಕ್ಕಾಗಿ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅಧ್ಯಕ್ಷತೆಯ ಆಯೋಗ ರಚಿಸಿತು. 2025ರ ಸೆಪ್ಟೆಂಬರ್ 22ರಂದು ಕರ್ನಾಟಕದಲ್ಲಿ ಆರಂಭವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ಪಟ್ಟಿಯಲ್ಲಿ ಹಿಂದೂ ಜಾತಿಗಳ ಹೆಸರಿನೊಂದಿಗೆ ಕ್ರೈಸ್ತ ಎಂದು ಸೇರಿಸಿದ್ದು ವಿವಾದವಾಗಿ, ಅಂಥ ಹಲವು ಹೆಸರುಗಳನ್ನು ಕೈಬಿಡಲಾಯಿತು. ಕ್ರೈಸ್ತ ಧರ್ಮದಲ್ಲಿ ಜಾತಿ ಇಲ್ಲ ಎಂಬ ತತ್ವ ಮತ್ತು ಜಾತಿ ಬೆನ್ನು ಬಿಟ್ಟಿಲ್ಲ ಎಂಬ ಅನುಭವ ಆ ಪಟ್ಟಿಯಲ್ಲಿ ಮುಖಾಮುಖಿಯಾದವು.

ಈ ಪ್ರಶ್ನೆ ಚರ್ಚಿನ ಒಳಗೂ ಇದೆ. ಒಂದೇ ಪಾತ್ರೆಯಿಂದ ಪ್ರಭುಭೋಜನ ಸ್ವೀಕರಿಸುವವರು ಮದುವೆಯ ಮಾತು ಬಂದಾಗ ಹಳೆಯ ಜಾತಿಯನ್ನೇ ವಿಚಾರಿಸುವುದು ದಕ್ಷಿಣ ಭಾರತದ ಸಭೆಗಳಲ್ಲಿ ಅಪರೂಪವಲ್ಲ.

ಕಾಯ್ದೆ ಮತ್ತು ಸ್ವಂತ ಇಚ್ಛೆ

ಧರ್ಮವನ್ನು ಅವಲಂಬಿಸುವ, ಆಚರಿಸುವ ಮತ್ತು ಪ್ರಚಾರ ಮಾಡುವ ಹಕ್ಕನ್ನು ಸಂವಿಧಾನದ 25ನೇ ವಿಧಿ ನೀಡುತ್ತದೆ. ಪ್ರಚಾರದ ಹಕ್ಕು ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ತೀರ್ಪು ನೀಡಿತು. ಕರ್ನಾಟಕದಲ್ಲಿ 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಅದೇ ಸೆಪ್ಟೆಂಬರ್‌ನಲ್ಲಿ ಕಾಯ್ದೆಯಾದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾನೂನು, ಮತಾಂತರ ಬಯಸುವವನು 30 ದಿನ ಮುಂಚೆ ಜಿಲ್ಲಾ ದಂಡಾಧಿಕಾರಿಗೆ ಘೋಷಣೆ ಸಲ್ಲಿಸಬೇಕು, ಆಕ್ಷೇಪಣೆಗಾಗಿ ಅದನ್ನು ಪ್ರಕಟಿಸಬೇಕು, ನಂತರವೂ 30 ದಿನದೊಳಗೆ ತಿಳಿಸಬೇಕು ಎಂದಿತು. ಬಲವಂತ, ವಂಚನೆ, ಆಮಿಷದ ಮತಾಂತರಕ್ಕೆ 3ರಿಂದ 5 ವರ್ಷ ಜೈಲು, 25 ಸಾವಿರ ರೂಪಾಯಿ ದಂಡ. ಮಹಿಳೆ, ಅಪ್ರಾಪ್ತ ಅಥವಾ ಪರಿಶಿಷ್ಟರ ವಿಷಯದಲ್ಲಿ 10 ವರ್ಷದವರೆಗೆ ಜೈಲು, 50 ಸಾವಿರ ದಂಡ ಎಂದು ನಿಗದಿಪಡಿಸಿತು. 2023ರ ಜೂನ್‌ನಲ್ಲಿ ರಾಜ್ಯ ಸಂಪುಟ ಇದನ್ನು ರದ್ದುಪಡಿಸಲು ತೀರ್ಮಾನಿಸಿತು. ಸಂಪುಟದ ತೀರ್ಮಾನ ಒಂದರಿಂದಲೇ ಕಾಯ್ದೆ ರದ್ದಾಗುವುದಿಲ್ಲ. ಅದಕ್ಕೆ ವಿಧಾನಮಂಡಲದ ಒಪ್ಪಿಗೆ ಬೇಕು.

ಕಾಯ್ದೆಯ ಸಮರ್ಥಕರು ಅದನ್ನು ದುರ್ಬಲರ ರಕ್ಷಣೆ ಎಂದರು. ವಿರೋಧಿಗಳು ಅದು ಅಂತಃಸಾಕ್ಷಿಯ ವಿಷಯವನ್ನು ಸೂಚನಾ ಫಲಕಕ್ಕೆ ತರುತ್ತದೆ ಎಂದರು. ಗಮನಿಸಬೇಕಾದ ಸಂಗತಿಯೆಂದರೆ, ಆಮಿಷದಿಂದ ಬಂದವನು ಶಿಷ್ಯನಲ್ಲ ಎಂಬುದನ್ನು ಸುವಾರ್ತೆಯೂ ಒಪ್ಪುತ್ತದೆ. ರೊಟ್ಟಿ ತಿಂದು ತೃಪ್ತರಾದ ಕಾರಣಕ್ಕೆ ಹುಡುಕಿಕೊಂಡು ಬಂದ ಗುಂಪನ್ನು ಯೇಸು ಆಕ್ಷೇಪಿಸುವ ಪ್ರಸಂಗ ಯೋಹಾನನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ. ಆದರೆ ಮನದೊಳಗಿನ ಕಾರಣವನ್ನು ಅಳೆಯುವ ತಕ್ಕಡಿ ಕಚೇರಿಯಲ್ಲಿಲ್ಲ, ಸಭಾಪಾಲಕರ ಬಳಿಯೂ ಇಲ್ಲ. ಅಳೆಯಲು ಸಾಧ್ಯವಿರುವುದು ನಂತರದ ನಡೆಯನ್ನು ಮಾತ್ರ.

ಕಲ್ಯಾಣಕ್ಕೆ ತಿಳಿದ ಮಾತು

ಈ ಮಾತು ಬಸವಕಲ್ಯಾಣದ ಜನಕ್ಕೆ ಅಪರಿಚಿತವಲ್ಲ. ಇಷ್ಟಲಿಂಗ ದೀಕ್ಷೆ ಪಡೆದವನು ಕಾಯಕ ಮತ್ತು ದಾಸೋಹದಲ್ಲಿ ಅದನ್ನು ತೋರಿಸಬೇಕೆಂದು ಶರಣರು ಹೇಳಿದ್ದು ಇಲ್ಲಿಯೇ. ಚಮ್ಮಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾದಾಗ ಆ ಎರಡು ಕುಟುಂಬಗಳ ಹಿರಿಯರು ಪ್ರಾಣ ತೆತ್ತರೆಂಬುದು ಶರಣ ಪರಂಪರೆಯ ಕಥನ. ಎರಡು ಧರ್ಮಗಳ ತತ್ವ ಬೇರೆ, ದೇವರ ಕಲ್ಪನೆ ಬೇರೆ. ಒಂದನ್ನು ಇನ್ನೊಂದರಲ್ಲಿ ಕರಗಿಸಬೇಕಾದ ಅಗತ್ಯವಿಲ್ಲ. ಆದರೆ ದೀಕ್ಷೆ ಎಂಬುದು ಆರಂಭ, ಅದರ ಸಾಕ್ಷಿ ಮನೆಯ ಪಂಕ್ತಿಯಲ್ಲಿ, ಮದುವೆಯ ಮಾತುಕತೆಯಲ್ಲಿ, ದುಡಿದ ಹಣದಲ್ಲಿ ಸಿಗುತ್ತದೆ ಎಂಬ ತಿಳಿವಳಿಕೆ ಎರಡಕ್ಕೂ ಸಮಾನ.

ಹುಮನಾಬಾದಿನ ಪ್ರಾರ್ಥನಾ ಮಂದಿರದಿಂದ ಭಾನುವಾರ ಹೊರಬರುವ ಯುವಕನ ಮುಂದೆ ಇಂದು ಮೂರು ಪುಸ್ತಕಗಳಿವೆ: ಸಭೆಯ ದೀಕ್ಷಾಸ್ನಾನದ ದಾಖಲೆ, ತಹಶೀಲ್ದಾರ್ ಕಚೇರಿಯ ಜಾತಿಯ ದಾಖಲೆ ಮತ್ತು ಕೈಯಲ್ಲಿರುವ ಬೈಬಲ್. ಮೂರೂ ಅವನನ್ನು ಯಾರು ನೀನು ಎಂದು ಕೇಳುತ್ತವೆ. ಮೂರಕ್ಕೂ ಒಂದೇ ಉತ್ತರ ಕೊಡುವವನು ದೊಡ್ಡ ಬೆಲೆ ತೆರುತ್ತಾನೆ. ಬೇರೆ ಬೇರೆ ಉತ್ತರ ಕೊಡುವವನು ಬೇರೊಂದು ಬಗೆಯ ಬೆಲೆ ತೆರುತ್ತಾನೆ. ಗೋಪುರ ಕಟ್ಟುವ ಮುನ್ನ ಲೆಕ್ಕ ಹಾಕಬೇಕೆಂಬ ಹಳೆಯ ಎಚ್ಚರಿಕೆ ಈ ಭಾಗದಲ್ಲಿ ಅಕ್ಷರಶಃ ನಿಜ. ಆ ಲೆಕ್ಕವನ್ನು ಅವನ ಪರವಾಗಿ ಸರ್ಕಾರವಾಗಲಿ, ಸಭೆಯಾಗಲಿ, ಕೇರಿಯಾಗಲಿ ಹಾಕಿಕೊಡಲಾರದು.